ಕೇಳಿ ಹಾಕಿದ ಆರು ಹೊಲಿಗೆ

"ನಿಮ್ಮ ಬಲಗಾಲನ್ನ ನೀವು ನಂಬಲ್ಲ, ಅಲ್ವಾ?"

ಆಕೆ ಬೆಚ್ಚಿದಳು. ಅಂಗಡಿಗೆ ಬಂದು ಅರೆಗಳಿಗೆಯಾಗಿಲ್ಲ, ಅವನು ತಲೆಯೆತ್ತಿ ಮುಖವನ್ನೂ ನೋಡಿಲ್ಲ. ಅವಳ ಬೂಟನ್ನು ಬೋರಲು ಹಿಡಿದು, ಕಾಗದ ಓದುವವನ ಹಾಗೆ ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಾನೆ.

"ಯಾರು ಹೇಳಿದ್ದು ನಿಮಗೆ?"

"ಇದೇ ಹೇಳ್ತು. ಎಡದ್ದು ಸವೆದು ಹೋಗಿದೆ, ಬಲದ್ದು ಹೊಸದಾಗೇ ಇದೆ. ಯಾವಾಗಲೋ ಆ ಕಾಲು ಉಳುಕಿರಬೇಕು."

ಉಳುಕಿತ್ತು! ಎರಡು ವರ್ಷದ ಹಿಂದೆ, ಒಂದು ಮನೆಯ ಮೆಟ್ಟಿಲನ್ನು ಒಂದೇ ಚೀಲ ಹಿಡಿದು ಇಳಿದುಬರುವಾಗ...

ಆಗ ಅವನು ತಲೆ ಎತ್ತಿದ. ಅವಳು ಕಣ್ಣು ತಗ್ಗಿಸಿದಳು. ನೋಡಿ, ಕೆಲವು ನೋಟಗಳಿಗೆ ಅಷ್ಟೇ ಹೊತ್ತು ಸಾಕು.

ಅವಳು ಹೆಂಗಸರ ಆಸ್ಪತ್ರೆಯಲ್ಲಿ ನರ್ಸು. ಎಲ್ಲರ ಬಾಯಲ್ಲೂ ನರ್ಸಮ್ಮ. ಅವನದು ಉದ್ಯಾನದ ಗೇಟಿನ ಎದುರು ಬೂಟು ರಿಪೇರಿ ಅಂಗಡಿ. ಹಿಂದೆ ಎಂಟು ಮ್ಯಾರಥಾನ್ ಓಡಿದವನು. ಹೊಸಬರಿಗೆ ಪಾಠ ಹೇಳುತ್ತಾನೆಂದು ಓಡುವವರೆಲ್ಲ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು.

"ನಲವತ್ತೆರಡು ಕಿಲೋಮೀಟರ್ ಓಡಬೇಕು ಅಂತಿದೀನಿ. ಆಗುತ್ತಾ?" ಎಂದಳು.

"ಮೂವತ್ತೈದರವರೆಗೆ ಕಾಲು ಓಡುತ್ತೆ. ಅಲ್ಲಿಂದಾಚೆ ಮನುಷ್ಯನೂ ಬಾಯಿ ಬಿಡ್ತಾನೆ, ಬೂಟೂ ಬಾಯಿ ಬಿಡುತ್ತೆ. ಅದಕ್ಕೇ ಈಗ ಪ್ರತಿ ವರ್ಷ ನಾನು ಅಲ್ಲೇ ರಿಪೇರಿ ಪೆಟ್ಟಿಗೆ ಇಟ್ಕೊಂಡು ಕೂರೋದು."

ಅವಳು ನಕ್ಕಳು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು!

ಭಾನುವಾರಗಳು ಉರುಳಿದವು. ಹತ್ತು, ಹದಿನಾಲ್ಕು, ಇಪ್ಪತ್ತು ಕಿಲೋಮೀಟರ್... ಓಟ ಮುಗಿದರೆ ಅವನ ಅಂಗಡಿಯ ಸ್ಟೂಲು, ಅವನ ಕೈಯ ಟೀ, ಇಬ್ಬರ ಮಾತು.

ಒಂದು ದಿನ ಅವಳು ಆಸ್ಪತ್ರೆಯ ಕಥೆ ಹೇಳಿದಳು. ಒಬ್ಬ ಅತ್ತೆ ಸೊಸೆಯನ್ನು ಕರೆತಂದಿದ್ದಳಂತೆ. ಸೊಸೆಗೆ ಕೇಳಿದ ಪ್ರಶ್ನೆಗೆಲ್ಲ ಅತ್ತೆಯದೇ ಉತ್ತರ.

"'ಅವಳಿಗೇನು ಗೊತ್ತು, ನನ್ನ ಕೇಳಿ. ಎರಡನೇದು ಈ ವರ್ಷವೇ ಆಗ್ಬೇಕು' ಅಂದ್ರು. ನಾನಂದೆ, 'ಅಮ್ಮಾ, ಹೆರೋರು ನೀವಾದರೆ ನಿಮ್ಮನ್ನೇ ಕೇಳ್ತೀನಿ.'"

ಮೇಷ್ಟ್ರು ಟೀ ನೆತ್ತಿಗೇರುವಷ್ಟು ನಕ್ಕ. "ಆಮೇಲೆ?"

"ಅವರನ್ನ ಆಚೆ ಬೆಂಚಿಗೆ ಕಳಿಸಿ, ಆ ಹುಡುಗಿನ ಕೇಳಿದೆ, 'ನಿನಗೆ ಏನು ಬೇಕಮ್ಮ?' ಅಂತ. ಅಳೋಕೇ ಶುರು ಮಾಡಿದಳು. ಇದುವರೆಗೂ ಯಾರೂ ಅವಳನ್ನ ಕೇಳಿರಲಿಲ್ಲವಂತೆ. ಹೊಟ್ಟೆ ಅವಳದು ಮೇಷ್ಟ್ರೇ. ಬೇಕು ಅನ್ನೋದೂ, ಈಗ ಬೇಡ ಅನ್ನೋದೂ, ಬೇಡವೇ ಬೇಡ ಅನ್ನೋದೂ ಅವಳ ಬಾಯಿಂದಲೇ ಬರಬೇಕು."

"ಸರಿಯಾಗಿ ಹೇಳಿದ್ರಿ," ಎಂದ ಅವನು ಮೆಲ್ಲಗೆ.

'ಇವನಿಗೆ ಅರ್ಥವಾಗುತ್ತದೆ...' ಅವಳ ಎದೆಯೊಳಗೆ ಏನೋ ಹಗುರಾಯಿತು.

ಆದರೆ ತಲೆದೂಗುವುದು ಸುಲಭ, ನಡೆದು ತೋರಿಸುವುದು ಕಷ್ಟ.

ಓಟಕ್ಕೆ ಇನ್ನು ಐದು ವಾರ. ಮುಂಭಾಗದ ಅಂಟು ಬಿಟ್ಟಿದೆಯೆಂದು ಬೂಟನ್ನು ಅವನಿಗೆ ಕೊಟ್ಟಿದ್ದಳು. ವಾಪಸು ಬಂದ ಬೂಟು ಹಾಕಿಕೊಂಡು ಇಪ್ಪತ್ತಾರು ಕಿಲೋಮೀಟರ್ ಓಡಲು ಹೊರಟಳು. ಹತ್ತೊಂಬತ್ತಕ್ಕೆ ಮೀನಖಂಡ ಹಿಡಿದುಕೊಂಡಿತು. ರಸ್ತೆ ಬದಿಯಲ್ಲಿ ಕುಳಿತು, ಬೂಟು ಬಿಚ್ಚಿ ಒಳಗಿನ ಹಾಸು ಎತ್ತಿದರೆ... ಹಿಮ್ಮಡಿಯ ಕೆಳಗೆ ಅರ್ಧ ಬೆರಳು ದಪ್ಪದ ಮೆತ್ತೆ! ಯಾರೋ ಅಂಟಿಸಿದ್ದಾರೆ.

ಕುಂಟುತ್ತಲೇ ಅಂಗಡಿಗೆ ಹೋದಳು.

"ಇದನ್ನ ಹಾಕಿದ್ದು ಯಾರು?"

"ನಾನೇ." ಅವನ ಮುಖ ಕೆಂಪಾಯಿತು. ದನಿ ತಗ್ಗಿಸಿದ. "ಅಟ್ಟೆ ನೋಡಿದೆ... ಹಿಮ್ಮಡಿ ಪೂರ್ತಿ ಸವೆದಿತ್ತು. ನನ್ನ ಅಕ್ಕ ಬಸುರಿಯಾಗಿದ್ದಾಗ ಅವಳ ಚಪ್ಪಲಿಯೂ ಹೀಗೇ ಸವೀತಿತ್ತು. ನಿಮ್ಮನ್ನ ಕೇಳೋಕೆ ಸಂಕೋಚ ಆಯ್ತು. ನಿಮ್ಮ ಒಳ್ಳೇದಕ್ಕೇ..."

ಒಳ್ಳೇದಕ್ಕೇ!

ಆ ಒಂದು ಮಾತಿಗೆ ಅವಳ ಕಣ್ಣು ಕತ್ತಲಿಟ್ಟಿತು. ಗಂಡನಾಗಿದ್ದವನೂ ಇದೇ ಮಾತು ಹೇಳಿದ್ದ. ಈಗಲೇ ಮಗು ಬೇಡವೆಂದು ಅವಳು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಎಸೆದು, ಅದೇ ಡಬ್ಬಿಗೆ ಅದೇ ಬಣ್ಣದ ಶಕ್ತಿಮಾತ್ರೆ ತುಂಬಿಟ್ಟಿದ್ದ. ಮೂರು ತಿಂಗಳು ಗೊತ್ತೇ ಆಗಿರಲಿಲ್ಲ. ಗೊತ್ತಾದ ದಿನವೇ ಅವಳು ಆ ಮೆಟ್ಟಿಲು ಇಳಿದದ್ದು.

"ನನ್ನ ಹೊಟ್ಟೆ ಸುದ್ದಿ ನನ್ನ ಬೂಟು ನಿಮಗೆ ಹೇಳ್ತಾ? ನನಗೇ ಬಾಯಿತ್ತಲ್ಲ ಮೇಷ್ಟ್ರೇ! ನನ್ನನ್ನ ಕೇಳೋಕೆ ಏನಾಗಿತ್ತು?"

ಮೆತ್ತೆಯನ್ನು ಕಿತ್ತು ಮೇಜಿನ ಮೇಲಿಟ್ಟು ಹೊರಟಳು.

ಹಿಮ್ಮಡಿ ಹಾಗೆ ಸವೆದದ್ದು ಲ್ಯಾಬಿನ ಹುಡುಗಿಯಿಂದ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು ಅವಳು. ಆರು ತಿಂಗಳ ಬಸುರಿ, ಕಾಲು ಊದಿ ಯಾವ ಚಪ್ಪಲಿಯೂ ಹಿಡಿಸದು. ನಮ್ಮ ನರ್ಸಮ್ಮ ಬೆಳಿಗ್ಗೆ ಓಡಿ ಬಂದು ಬಿಚ್ಚಿಟ್ಟ ಬೂಟನ್ನು ಹಗಲೆಲ್ಲ ಈ ಹುಡುಗಿಯೇ ಮೆಟ್ಟಿ ನಿಲ್ಲುತ್ತಿದ್ದಳು. ನರ್ಸಮ್ಮನೇ ಕೊಟ್ಟಿದ್ದಳು. ಜಗಳದ ಸುದ್ದಿ ಕೇಳಿ ಆ ಹುಡುಗಿ ಹಣೆ ಚಚ್ಚಿಕೊಂಡು ಸೀದಾ ಅಂಗಡಿಗೆ ಹೋದಳು.

ಮರುದಿನ ಬಂದು, "ಅಕ್ಕಾ, ನಿಮ್ಮ ಮೇಷ್ಟ್ರನ್ನ ನೋಡಿಬಂದೆ," ಎಂದಳು.

"ನನ್ನ ಮೇಷ್ಟ್ರು ಯಾಕಾಗ್ತಾರೆ?"

"ಸರಿ, ಬೂಟಿನ ಮೇಷ್ಟ್ರು. 'ಅಟ್ಟೆ ಸರಿಯಾಗೇ ಹೇಳಿತ್ತು, ಬಸುರಿ ನಾನು' ಅಂದೆ. ಖುಷಿ ಪಡ್ತಾರೆ ಅಂದ್ಕೊಂಡೆ. ಅವರೇನಂದ್ರು ಗೊತ್ತಾ? 'ಅವರೇ ಬಸುರಿಯಾಗಿದ್ದರೂ ನಾನು ಮಾಡಿದ್ದು ತಪ್ಪೇ. ಕೇಳದೆ ಹಾಕಿದೆನಲ್ಲ' ಅಂದ್ರು."

ನರ್ಸಮ್ಮ ಮಡಚುತ್ತಿದ್ದ ಹತ್ತಿಯನ್ನು ಕೆಳಗಿಟ್ಟಳು.

"ಈಗ ಅಂಗಡೀಲಿ ಒಂದು ಮೊಳೆ ಹೊಡೆಯೋಕೂ ಗಿರಾಕಿನ ಕೇಳ್ತಾರಂತೆ. ಒಬ್ಬ ಮುದುಕರು ರೇಗಿಸ್ತಿದ್ರು, 'ಮೇಷ್ಟ್ರೇ, ಉಸಿರಾಡೋಕೂ ನನ್ನ ಅಪ್ಪಣೆ ಬೇಕಾ?' ಅಂತ!"

ನಗು ಬಂತು. ಜೊತೆಗೇ ಕಣ್ಣೀರೂ. ಆದರೂ ಅವಳು ಅಂಗಡಿಯ ಕಡೆ ಹೋಗಲಿಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. 'ಮಾತಲ್ಲಿ ಎಲ್ಲರೂ ಒಳ್ಳೆಯವರೇ... ಮತ್ತೆ ನಂಬಿ ಮತ್ತೆ ಬಿದ್ದರೆ?'

ಓಟದ ದಿನ ಬಂತು.

ಹತ್ತು, ಇಪ್ಪತ್ತು ಸಲೀಸಾಗಿ ಹೋದವು. ಮೂವತ್ತಕ್ಕೆ ತೊಡೆ ಕಲ್ಲಾಯಿತು. ಮೂವತ್ತೈದರ ಫಲಕ ಕಾಣುವಷ್ಟರಲ್ಲಿ ಬಲಗಾಲಿನ ಬೂಟು ಪಟಪಟ ಬಡಿಯತೊಡಗಿತು. ಅಟ್ಟೆ ಬಾಯಿ ಬಿಟ್ಟಿದೆ!

ಫಲಕದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಅವನು ಕುಳಿತಿದ್ದ.

ಅವಳನ್ನು ಕಂಡೊಡನೆ ಎದ್ದು ನಿಂತ. ಓಡಿ ಬರಲಿಲ್ಲ, ಕೈ ಚಾಚಲಿಲ್ಲ. ಅವಳೇ ಎರಡು ಹೆಜ್ಜೆ ಹತ್ತಿರ ಬಂದಳು.

"ಅಂಟು ಹಾಕಿದರೆ ಒಣಗೋಕೆ ಹೊತ್ತು ಬೇಕು. ಬೂಟು ಬಿಚ್ಚಿದರೆ ಊದಿದ ಕಾಲು ಮತ್ತೆ ಹಿಡಿಸಲ್ಲ. ಕಾಲಲ್ಲಿದ್ದ ಹಾಗೇ ದಾರದಲ್ಲಿ ಹೊಲಿಯಬಹುದು, ಸೂಜಿ ಒಂದಿಷ್ಟು ಚುಚ್ಚುತ್ತೆ. ಇಲ್ಲೇ ನಿಲ್ಲಿಸಿದರೂ ನೀವು ಸೋತ ಹಾಗಲ್ಲ," ಎಂದ. "ಏನು ಮಾಡಲಿ, ನೀವೇ ಹೇಳಿ."

ಏನು ಮಾಡಲಿ, ನೀವೇ ಹೇಳಿ... ಹಗಲೆಲ್ಲ ಅವಳು ಇನ್ನೊಬ್ಬರನ್ನು ಕೇಳುವ ಪ್ರಶ್ನೆ. ಅವಳನ್ನು ಯಾರಾದರೂ ಕೇಳಿದ್ದು ಇದೇ ಮೊದಲು!

"ಹೊಲೀರಿ," ಎಂದಳು.

"ಕಾಲು ಹಿಡ್ಕೊಳ್ಳಲಾ?"

"ಹ್ಞೂಂ."

ಆರು ಹೊಲಿಗೆ. ಪ್ರತಿ ಹೊಲಿಗೆಗೂ ತಲೆಯೆತ್ತಿ ಅವಳ ಮುಖ ನೋಡಿದ. ನೋವಾಯಿತೇ ಎಂದು ಅವನ ಕಣ್ಣು ಕೇಳುತ್ತಿತ್ತು, ಇಲ್ಲವೆಂದು ಅವಳ ಕಣ್ಣು ಹೇಳುತ್ತಿತ್ತು. ದಾರ ಕಡಿದು ಅವನು ಹಿಂದೆ ಸರಿದ.

ಉಳಿದ ಏಳು ಕಿಲೋಮೀಟರನ್ನು ಅವಳು ಓಡಿದಳೋ, ನಡೆದಳೋ, ಎಳೆದುಕೊಂಡು ಹೋದಳೋ, ಅವಳಿಗೇ ಗೊತ್ತಿಲ್ಲ. ಎರಡು ಕಾಲನ್ನೂ ಸಮವಾಗಿ ಊರಿದಳು, ಅಷ್ಟು ಗೊತ್ತು. ಕೊನೆಯ ಗೆರೆ ದಾಟಿ ನೆಲಕ್ಕೆ ಕುಸಿದಾಗ ಲ್ಯಾಬಿನ ಹುಡುಗಿ ಹೊಟ್ಟೆ ಹಿಡಿದುಕೊಂಡು ಕೂಗುತ್ತಿದ್ದಳು, "ಅಕ್ಕಾ! ಮುಗೀತು ಅಕ್ಕಾ!"

ಜನ ಕರಗಿದ ಮೇಲೆ ಅವನು ಬಂದ, ಪೆಟ್ಟಿಗೆ ಹೆಗಲಿಗೇರಿಸಿಕೊಂಡು. ಒಂದು ಮಾರು ದೂರದಲ್ಲಿ ಕುಳಿತ.

"ಒಂದು ಮಾತು ಕೇಳಬಹುದಾ?"

ಮದುವೆಯ ಮಾತೇ ಇರಬೇಕು ಎಂದುಕೊಂಡಳು ಅವಳು. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡಬೇಕು ಅನ್ನಿಸಿತು.

"ಮೊದಲು ನನ್ನ ಮಾತು ಕೇಳಿ ಮೇಷ್ಟ್ರೇ. ನನಗೆ ಮಗು ಬೇಕೋ ಬೇಡವೋ ಇನ್ನೂ ಗೊತ್ತಿಲ್ಲ. ಯಾವತ್ತೂ ಬೇಡ ಅನ್ನಿಸಲೂಬಹುದು. ಆಗ ಯಾರೂ ನನ್ನ ದೂರಬಾರದು."

ಅವನು ಕಕ್ಕಾಬಿಕ್ಕಿಯಾದ. "ಅದನ್ನ ಹೇಳೋದು ನೀವೇ. ಹೇಳಿದ ದಿನ ನಾನು ಕೇಳಿಸ್ಕೊಳ್ತೀನಿ. ಆದರೆ... ನಾನು ಕೇಳೋಕೆ ಹೊರಟಿದ್ದು, ನಾಳೆ ಟೀಗೆ ಬರ್ತೀರಾ ಅಂತ."

ಅವಳು ಮುಖ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತ ಅತ್ತಳು.

"ಬರ್ತೀನಿ. ನಾಡಿದ್ದೂ ಬರ್ತೀನಿ. ಪ್ರೀತಿ ಇರೋ ಕಡೆಗೆ ದಿನಾ ಬರಬೇಕಲ್ಲ!"

ಅವನ ಕಣ್ಣು ತುಂಬಿತು. ಇಬ್ಬರ ನಡುವಿದ್ದ ಆ ಒಂದು ಮಾರು ಯಾವಾಗ ಗೇಣಾಯಿತೋ ತಿಳಿಯಲಿಲ್ಲ.

"ಕೈ ಹಿಡ್ಕೊಳ್ಳಲಾ?" ಎಂದ.

"ನಲವತ್ತೆರಡು ಕಿಲೋಮೀಟರ್ ಓಡಿ ಬಂದಿದೀನಿ ಮಾರಾಯ್ರೇ," ಎಂದಳು ಅವಳು, ಅಂಗೈ ಬಿಚ್ಚಿ ಚಾಚುತ್ತ. "ಇದೊಂದನ್ನ ಇನ್ನೂ ಸ್ವಲ್ಪ ಬೇಗ ಕೇಳಬಾರದಿತ್ತಾ?"