ಅಡಿವೆಪ್ಪನ ಮುಚ್ಚದ ಗುರುತು

ರೋಗಿಯ ಒಂದು ಹನಿ ರಕ್ತ ಕೊಟ್ಟರೆ ಸಾಕು, ‘ರಕ್ತಾನ್ವೇಷಕ’ ಇಡೀ ನಾಡನ್ನು ಜಾಲಾಡಿ, ಹೊಂದುವ ದಾನಿಯನ್ನು ಹುಡುಕಿ, ಅವರ ಬಾಗಿಲಿಗೇ ಹಾರುಬಂಡಿ ಕಳಿಸುತ್ತಿತ್ತು. ಅದನ್ನು ಕಟ್ಟಿದ ಡಾಕ್ಟರ್ ಸುನಂದಾ ಹೆಬಸೂರರಿಗೆ ಭಲೇ ಎನ್ನದವರಿರಲಿಲ್ಲ. ಅಂಥ ಯಂತ್ರವೇ ಆ ದಿನ ಗದಗಿನ ಒಂದು ಆಸ್ಪತ್ರೆಯಲ್ಲಿ ಕೈಚೆಲ್ಲಿತು.

ಹೆರಿಗೆಯಾದ ದ್ಯಾಮವ್ವನಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅವಳದೋ ಲಕ್ಷಕ್ಕೊಬ್ಬರಲ್ಲಿ ಸಿಗುವ ರಕ್ತ. “ಹೊಂದುವವರು ಯಾರೂ ಇಲ್ಲ” ಎಂದಿತು ಯಂತ್ರ.

“ಇಲ್ಲಂದ್ರ ಹೆಂಗ್ರಿ ಬಾಯಾರ?” ಎಂದು ಅಲ್ಲೇ ಇದ್ದ ಸುನಂದಾರ ಮೇಲೆ ಗುಡುಗಿದ ಅವಳ ತಂದೆ ಹುಚ್ಚೀರಪ್ಪ, ಗರಡಿಮನೆಯ ವಸ್ತಾದ. “ನಮ್ಮ ಪೈಲ್ವಾನರ ರಕ್ತ ತಪಾಸ ಮಾಡಿಸಿ ಪಟ್ಟಿ ಕೊಟ್ಟೇನಲ್ರಿ! ಅದರಾಗ ನೋಡ್ರಿ.”

ಸುನಂದಾ ಪಟ್ಟಿ ತೆರೆದರು. ಅಯ್ಯೋ, ಎಲ್ಲವೂ ಕಲಸುಮೇಲೋಗರ! ಒಬ್ಬನ ರಕ್ತದ ಗುಂಪು ಇನ್ನೊಬ್ಬನ ಬಿರುದಿನೊಳಗೆ ಸೇರಿ, ಯಂತ್ರಕ್ಕೆ ಕಾಣದಂತಾಗಿತ್ತು.

“ವಸ್ತಾದರೇ, ಎಲ್ಲರ ಬಿರುದಿಗೂ ಎರಡೂ ಬದಿಗೆ ಉದ್ಧರಣ ಚಿಹ್ನೆ ಇದೆ. ಅಡಿವೆಪ್ಪನ ‘ಸಿಡಿಲಮರಿ’ಗೆ ಮಾತ್ರ ಶುರುವಿನಲ್ಲಿದೆ, ಕೊನೆಯಲ್ಲಿಲ್ಲ. ಬಿರುದು ಮುಗಿಯಲೇ ಇಲ್ಲವೆಂದು ಯಂತ್ರ ಓದುತ್ತಲೇ ಹೋಗಿ, ಮುಂದಿನವನ ಚಿಹ್ನೆಯನ್ನು ಇವನದೆಂದು ತಿಳಿದಿದೆ. ಅಲ್ಲಿಂದಾಚೆಗೆ ಒಳಗಿದ್ದದ್ದೆಲ್ಲ ಹೊರಗೆ, ಹೊರಗಿದ್ದದ್ದೆಲ್ಲ ಒಳಗೆ.”

“ಅದು ಮರ್ತದ್ದಲ್ರಿ, ನಮ್ಮ ನೇಮ. ಗರಡಿಗೆ ಸೇರಿದಾಗ ಒಂದು ಗುರುತು, ಕುಸ್ತಿ ಗೆದ್ದ ಮ್ಯಾಲೆ ಇನ್ನೊಂದು. ಅಡಿವೆಪ್ಪ ಪಾಪ, ಇನ್ನೂ ಒಂದೂ ಗೆದ್ದಿಲ್ಲ.”

“ಈಗಲೇ ಮುಚ್ಚಬೇಕು. ಪಟ್ಟಿ ನಿಮ್ಮದು, ನಿಮ್ಮ ಹೆಬ್ಬೆಟ್ಟಿಲ್ಲದೆ ಯಂತ್ರ ಒಪ್ಪುವುದಿಲ್ಲ.”

ಸ್ವಂತ ತಮ್ಮನಿಗೂ ಪುಕ್ಕಟೆ ಗೆಲುವು ಕೊಡದ ಮನುಷ್ಯ ಹುಚ್ಚೀರಪ್ಪ. ಕೈ ಮುಂದೆ ಬರಲಿಲ್ಲ. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು.

“ನೇಮಕ್ಕ ಬೆಂಕಿ ಬೀಳ್ಲಿ!” ಎಂದು ಹೆಬ್ಬೆಟ್ಟು ಒತ್ತಿದ.

ಹೆಸರುಗಳೆಲ್ಲ ತಂತಮ್ಮ ಸಾಲಿಗೆ ಸರಿದವು. ಹೊಂದುವ ದಾನಿಯೂ ಸಿಕ್ಕ. ಯಾರೆಂದರೆ, ಅದೇ ಅಡಿವೆಪ್ಪ! ಹಾರುಬಂಡಿ ಅವನನ್ನು ಮೈಗೆ ಮೆತ್ತಿದ ಕೆಮ್ಮಣ್ಣಿನ ಸಮೇತ ತಂದಿಳಿಸಿತು.

ಸಂಜೆಗೆ ದ್ಯಾಮವ್ವ ಕಣ್ಣು ಬಿಟ್ಟು ಕೂಸನ್ನು ಕೇಳಿದಳು. ನಡೆದದ್ದನ್ನೆಲ್ಲ ಸುನಂದಾರಿಂದ ತಿಳಿದ ಅಡಿವೆಪ್ಪ, ತೋಳಿನ ಹತ್ತಿ ಒತ್ತಿಕೊಂಡೇ ಗುರುವಿನ ಮುಂದೆ ಬಂದ.

“ವಸ್ತಾದ್ರ, ಕುಸ್ತಿ ಗೆಲ್ಲದೇ ಸಿಕ್ಕ ಗುರುತು ನನಗ ಬ್ಯಾಡ್ರಿ. ತಗದುಬಿಡ್ರಿ.”

ಹುಚ್ಚೀರಪ್ಪ ಅವನನ್ನು ಬಾಚಿ ತಬ್ಬಿಕೊಂಡ. ಅಳು ತಡೆಯಲಾಗಲಿಲ್ಲ.

“ಸುಮ್ನಿರಲೇ! ಯಮನ್ನ ಚಿತ್ ಮಾಡಿದಾವ ನಮ್ಮ ಗರಡ್ಯಾಗ ನಿನ್ನ ಬಿಟ್ರ ಮತ್ತ್ಯಾರದಾರ?”