ಶುಕ್ರವಾರ ಹೇಳದೆ ಉಳಿದ ಮಾತು

ಎರಡೇ ಎರಡು ಸಾಲಿಗೆ ನೋರೀನ್ ತೆತ್ತ ಬೆಲೆ ಸಣ್ಣದಲ್ಲ. ಮಿಲ್ವಾಕಿಯ ಕಾನೂನು ಕಾಲೇಜಿಗೆ ಸೇರಿದ ಮೊದಲ ವರ್ಷವೇ ಶಿಸ್ತು ಸಮಿತಿಯ ಮುಂದೆ ನಿಂತಳು. ಅಂಕ ಹೋಯಿತು, ವಾದ ತಂಡದ ಜಾಗವೂ ಹೋಯಿತು. ಯಾವುದೋ ತೀರ್ಪಿನ ಆ ಎರಡು ಸಾಲುಗಳು ಮೂಲದ ಹೆಸರಿಲ್ಲದೆ ಅವಳ ಬರಹದಲ್ಲಿ ಅವಳದೇ ಮಾತಿನಂತೆ ಕುಳಿತಿದ್ದವು.

ಅದಕ್ಕಿಂತ ಹೆಚ್ಚು ಸುಟ್ಟದ್ದು ಡೆಸ್ಮಂಡ್. ಜೊತೆಗೆ ಕೂತು ಓದಿದವನು, ಟಿಪ್ಪಣಿ ಹಂಚಿಕೊಂಡವನು, ಅವಳು ಒಳಗೊಳಗೇ ಮೆಚ್ಚಿದವನು... ವಿಚಾರಣೆಯ ಮುನ್ನಾದಿನ ಅವನು ಪ್ರೊಫೆಸರ್ ವೋಗಲ್ ಅವರ ಕೋಣೆಯಿಂದ ತಲೆ ತಗ್ಗಿಸಿ ಹೊರಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಚಾಡಿ ಹೇಳಿದನಲ್ಲ! ಅಂದಿನಿಂದ ಅವನ ಪಕ್ಕದ ಕುರ್ಚಿ ಬಿಟ್ಟಳು, ಮಾತು ಬಿಟ್ಟಳು.

ತರಗತಿಯವರೆಲ್ಲ ವಾದಿಸಲೇಬೇಕಾದ ವಸಂತದ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ಅವನೇ ಎದುರಾಳಿಯಾಗಿ ಬಂದ. ನಿಯಮದಂತೆ ಇಬ್ಬರೂ ತಾವು ಬರೆದ ವಾದದ ಪ್ರತಿಯನ್ನು ಮೊದಲೇ ಓದಲು ಅದಲುಬದಲು ಮಾಡಿಕೊಂಡರು. ಅವನದನ್ನು ಓದುತ್ತಾ ನೋರೀನ್ ಒಂದು ಸಾಲಿನಲ್ಲಿ ತಡೆದಳು. ಅವನ ಇಡೀ ವಾದ ನಿಂತಿದ್ದ ತೀರ್ಪನ್ನು ಹಿಂದಿನ ವಾರವಷ್ಟೇ ಮೇಲಿನ ನ್ಯಾಯಾಲಯ ತಳ್ಳಿಹಾಕಿತ್ತು. ಆ ತೀರ್ಪು ಊರ್ಜಿತದಲ್ಲಿದೆಯೇ ಎಂದು ಜನವರಿಯಲ್ಲಿ ನೋಡಿಕೊಂಡವನು, ವಾದ ಒಪ್ಪಿಸುವ ದಿನ ಮತ್ತೊಮ್ಮೆ ನೋಡಿರಲಿಲ್ಲ.

ತಿದ್ದಲು ಶುಕ್ರವಾರ ಮಧ್ಯಾಹ್ನದವರೆಗೆ ಅವಕಾಶವಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹೇಳಲಿಲ್ಲ. 'ಎಲ್ಲರ ಮುಂದೆ ತಲೆ ತಗ್ಗಿಸೋದು ಹೇಗಿರುತ್ತೆ ಅಂತ ಅವನಿಗೂ ಗೊತ್ತಾಗಲಿ...'

ಸೋಮವಾರ ಎದ್ದು ನಿಂತಳು. "ಎದುರಾಳಿ ನಂಬಿರುವ ತೀರ್ಪು ಈಗ ಜೀವಂತವಾಗಿಲ್ಲ," ಎಂದಳು, ಸಿಹಿಯಾಗಿಯೇ. ಡೆಸ್ಮಂಡ್ ಹಾಳೆ ತಿರುವಿದ, ಮತ್ತೆ ತಿರುವಿದ, ಕೊನೆಗೆ ಹಾಳೆ ಮಡಚಿಟ್ಟು ಕುಳಿತ. ಆ ಸುಖಕ್ಕೆ ಅವಳು ತಿಂಗಳುಗಟ್ಟಲೆ ಕಾದಿದ್ದಳು.

ವೋಗಲ್ ಅವಳನ್ನು ಪಕ್ಕಕ್ಕೆ ಕರೆದು ಮೆಚ್ಚಿದರು. "ಅವನೇ ಅಲ್ವಾ ನನ್ನ ಮೇಲೆ ದೂರು ಕೊಟ್ಟಿದ್ದು," ಎಂದು ನೋರೀನ್ ನಕ್ಕಳು.

ವೋಗಲ್ ನಗಲಿಲ್ಲ. "ಆ ಸಾಲುಗಳನ್ನ ಹಿಡಿದದ್ದು ನಾನಮ್ಮ. ಅವನು ಬಂದು, 'ಅದು ನನ್ನ ಟಿಪ್ಪಣಿಯಿಂದ ಹೋದದ್ದು, ಉದ್ಧರಣ ಚಿಹ್ನೆ ಹಾಕದೆ ಬರೆದುಕೊಂಡಿದ್ದೆ, ಅವಳಿಗೆ ಗೊತ್ತಿಲ್ಲ' ಅಂದ. ಇಲ್ಲದಿದ್ದರೆ ನಿನ್ನನ್ನ ಕಾಲೇಜಿಂದಲೇ ಕಳಿಸ್ತಿದ್ದರು. ಸಮಿತಿಯ ವಿಷಯ ಹೊರಗೆ ಆಡೋ ಹಾಗಿಲ್ಲ ಅಂತ ಅವನ ಬಾಯಿ ಕಟ್ಟಿದ್ದೂ ನಾವೇ."

ಸರೋವರದತ್ತ ಇಳಿಯುವ ಮೆಟ್ಟಿಲ ಮೇಲೆ ಡೆಸ್ಮಂಡ್ ಟೈ ಸಡಿಲಿಸಿ ಕುಳಿತಿದ್ದ. ತಾನು ತಪ್ಪು ತಿಳಿದದ್ದನ್ನೂ ವೋಗಲ್ ಹೇಳಿದ್ದನ್ನೂ ನೋರೀನ್ ಎಲ್ಲ ಹೇಳಿದಳು. ಹೇಳಲು ಕಷ್ಟವಾದದ್ದನ್ನು ಕೊನೆಗೆ ಉಳಿಸಿಕೊಂಡಳು.

"ಶುಕ್ರವಾರವೇ ಗೊತ್ತಿತ್ತು ನಂಗೆ. ಬೇಕಂತಲೇ ಸುಮ್ಮನಿದ್ದೆ."

ಅವನು ತಿರುಗಿ ಅವಳನ್ನು ನೋಡಿದ. ನೋವಾಗಿತ್ತು, ಮುಚ್ಚಿಡಲೂ ಇಲ್ಲ.

"ನನ್ನ ವಾದ ಪೂರ್ತಿ ಓದಿದೆಯಾ ಹಾಗಾದ್ರೆ? ನಮ್ಮಮ್ಮ ಎರಡನೇ ಪುಟಕ್ಕೇ ನಿದ್ದೆ ಹೋದ್ಲು."

"ಅಡಿಟಿಪ್ಪಣಿ ಸಮೇತ. ಮೂರು ಸಲ."

"ಸೇಡಿಗೆ ಒಂದು ಸಲ ಸಾಕಿತ್ತಲ್ಲ ಮಾರಾಯ್ತಿ."

"ಉಳಿದ ಎರಡು ಸಲ..." ಅವಳು ನೀರಿನ ಕಡೆ ನೋಡಿದಳು. "ಓದ್ತಾ ಇದ್ರೆ ನೀನು ಮಾತಾಡಿದ ಹಾಗೆ ಇತ್ತು. ಅದಕ್ಕೆ."

ಅವನು ಸರಿದು ಪಕ್ಕದಲ್ಲಿ ಜಾಗ ಮಾಡಿದ. "ಕೂತ್ಕೋ. ಕೋಪ ಇನ್ನೂ ಇದೆ ನಂಗೆ. ಆದ್ರೂ ಕೂತ್ಕೋ."

ಕುಳಿತಳು.

ಆ ವರ್ಷದ ಸ್ಪರ್ಧೆಯ ಬಹುಮಾನ ನೋರೀನ್‌ಗೆ ಬಂತು. ಡೆಸ್ಮಂಡ್‌ಗೆ ವಾದ ತಂಡದಲ್ಲಿ ಜಾಗ ಸಿಗಲಿಲ್ಲ, ಮುಂದೆಯೂ ಸಿಗಲಿಲ್ಲ. ಆದರೆ ಒಬ್ಬರಿಗೊಬ್ಬರು ಸಿಕ್ಕರು.