ಖಾನಾಪುರದ ಗ್ಯಾಸಿನ ವಾಸನೆ

"ನನ್ನ ಮಗಳನ್ನ ನನಗ ಕೊಡಿಸ್ರಿ, ಬಾಯಾರ. ಆಮ್ಯಾಲ ಏನಾದ್ರೂ ಆಗಲಿ."

ಬೆಳಗಾವಿಯ ರವಿವಾರ ಪೇಟೆಯ ಮಾಳಿಗೆ ಮನೆಯ ಹೊಸ್ತಿಲಲ್ಲೇ ನಿಂತು ತರನ್ನುಮ ಕಣ್ಣೊರೆಸಿಕೊಂಡಳು. ಪೊಲೀಸ್ ಖಾತೆಯಿಂದ ನಿವೃತ್ತರಾದ ಮೇಲೂ ತಾರಾಬಾಯಿಯವರ ಮನೆಗೆ ಇಂಥವರು ಬರುವುದು ನಿಂತಿರಲಿಲ್ಲ. ಪ್ರತಿ ಸಲವೂ ವಿಚಾರಣೆಗೆ ತಾರಾಬಾಯಿಯವರ ಜೊತೆ ಹೋಗುವ ಪಕ್ಕದ ಮನೆಯ ಪದ್ಮಶ್ರೀ, ಬಿಡಿಸುತ್ತಿದ್ದ ಮೆಂತ್ಯದ ಸೊಪ್ಪನ್ನು ಬದಿಗಿಟ್ಟು ಆಕೆಗೆ ನೀರು ಕೊಟ್ಟಳು.

"ಕುಂದರ್ರಿ. ಮೊದಲಿಂದ ಹೇಳ್ರಿ," ಎಂದರು ತಾರಾಬಾಯಿ.

ತರನ್ನುಮಳ ಗಂಡ ತೀರಿಹೋಗಿದ್ದ. ಖಾನಾಪುರದ ಮನೆಯಲ್ಲಿ ಮಾವ ಖಲೀಲ, ಅತ್ತೆ ಅಮೀನಾಬೀ, ಮೈದುನ ಆರಿಫ, ಅವಳ ಪುಟ್ಟ ಮಗಳು ರುಕ್ಸಾರ. ಹೋದ ವಾರ ಬೆಳಗಿನ ಜಾವ ಮಾವ ಚಹಾ ಮಾಡಲೆಂದು ಎದ್ದು ಅಡುಗೆಮನೆಯ ದೀಪ ಹಾಕಿದ್ದೇ ತಡ, ಒಳಗೆ ತುಂಬಿಕೊಂಡಿದ್ದ ಗ್ಯಾಸು ಹೊತ್ತಿಕೊಂಡಿತು. ಮುದುಕ ಉಳಿಯಲಿಲ್ಲ. ರಾತ್ರಿ ಯಾರೋ ಸಿಲಿಂಡರ್ ಬದಲಿಸಿದ್ದರು, ರೆಗ್ಯುಲೇಟರ್ ಸರಿಯಾಗಿ ಕೂತಿರಲಿಲ್ಲ. ಬದಲಿಸಿದ್ದು ಅತ್ತಿಗೆ, ತರನ್ನುಮ ಭಾಭಿ, ಎಂದು ಆರಿಫ ಹೇಳಿದ. ಮಗುವನ್ನು ಇಟ್ಟುಕೊಂಡು ತರನ್ನುಮಳನ್ನು ಹೊರಹಾಕಿದರು.

"ನಾ ಮಗಳನ್ನ ಮಲಗಸಾಕ ಹೋಗಿ ಹಂಗ ನಿದ್ದಿ ಹೋಗಿದ್ದೆ. ಗ್ಯಾಸು ಯಾವಾಗ ಮುಗೀತು ಅಂತನೂ ಗೊತ್ತಿಲ್ರಿ."

ಅವರು ಖಾನಾಪುರ ತಲುಪಿದಾಗ ಹವಾಲ್ದಾರ ಕಲ್ಲಯ್ಯ ಪಡಸಾಲೆಯಲ್ಲಿದ್ದ. ಅಮೀನಾಬೀ ತರನ್ನುಮಳನ್ನು ಗೇಟಿನ ಒಳಗೆ ಬಿಡಲಿಲ್ಲ. ಅಡುಗೆಮನೆ ಕರಕಲಾಗಿತ್ತು, ಪಡಸಾಲೆಯ ಮೂಲೆಯಲ್ಲಿಟ್ಟ ಕರೆಂಟ್ ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಅದರ ಪಕ್ಕದಲ್ಲೇ ಆರಿಫ ಗಲ್ಲಕ್ಕೆ ಅಂಗೈ ಒತ್ತಿಕೊಂಡು ಕೂತಿದ್ದ. ಎಡಗಣ್ಣಿನ ಸುತ್ತ ಊದಿತ್ತು.

"ಅತ್ತೂ ಅತ್ತೂ ಹಿಂಗಾಗ್ಯಾನ," ಎಂದಳು ಅಮೀನಾಬೀ. "ಅದರಾಗ ಹಲ್ಲುನೋವು ಬ್ಯಾರೆ. ಬೆಳಗಾವಿಗಿ ಹೋಗಿ ಕೀಳಿಸಿದ, ನೋವು ಹೋಗಲಿಲ್ಲ. ನೆಗಡಿಗಿ ದಿನಾ ರಾತ್ರಿ ಬಿಸಿನೀರಿನ ಹಬಿ ತಗೋತಾನ."

"ಖಲೀಲಸಾಹೇಬ್ರಿಗೆ ವಾಸನಿ ಬರಲಿಲ್ಲೇನ್ರಿ?" ಎಂದು ತಾರಾಬಾಯಿ ಕೇಳಿದರು.

"ದಿನಾ ತಪಕೀರಿನ ಪುಡಿ ಏರಿಸಿ ಏರಿಸಿ ಅವರ ಮೂಗು ಸತ್ತಿತ್ರಿ. ಸೊಂಟಾನೂ ಹೋಗಿತ್ತು, ಒಂದು ಕೊಡ ಎತ್ತತಿರಲಿಲ್ಲ."

"ನನಗ ಬಂತು," ಎಂದ ಆರಿಫ, ಕಟ್ಟಿದ ಮೂಗಿನ ದನಿಯಲ್ಲಿ. "ಅಂಗಳದಾಗಿದ್ದೆ. ಗ್ಯಾಸಿನ ವಾಸನಿ ಘಮ್ ಅಂತ ಬಂತು. ಓಡಿ ಬರೂದ್ರಾಗ ಮುಗದಿತ್ತು."

ಗೇಟಿನ ಆಚೆಯಿಂದ ತರನ್ನುಮ ಕೂಗಿದಳು: "ಅಮ್ಮೀ, ಹಾಲು ಸೀಯಾಕ ಹತ್ತೈತಿ!"

ಪದ್ಮಶ್ರೀಯ ಮೂಗಿಗೂ ಆಗಲೇ ಸೀದ ವಾಸನೆ ಬಡಿಯಿತು. ಅಮೀನಾಬೀ ಕಾಲೆಳೆಯುತ್ತ ಓಡಿದಳು. "ಮಗ್ಗಲದಾಗ ಕುಂತೀಯಲ್ಲೋ! ಮೂಗು ಒತ್ತಿ ಇಟ್ಟೀಯೇನು?"

ಪಾತ್ರೆ ಇಳಿಸಲು ಬಗ್ಗಿದ ಆರಿಫ ಹಣೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

ತಾರಾಬಾಯಿ ಪದ್ಮಶ್ರೀಯತ್ತ ಒಮ್ಮೆ ನೋಡಿದರು. ಗುಟ್ಟು ಸಿಕ್ಕಾಗಿನ ಆ ನೋಟ ಅವಳಿಗೆ ಗೊತ್ತಿತ್ತು. ಆದರೆ ಈ ಸಲ ಅದರಲ್ಲಿ ಗೆದ್ದ ಖುಷಿ ಇರಲಿಲ್ಲ.

"ಕಲ್ಲಯ್ಯ, ಆಕೀನ ಒಳಗ ಕರೀರಿ. ಎಲ್ಲಾರೂ ಕುಂದರ್ರಿ. ಆರಿಫ, ನೆಗಡಿ ನಡುವ ಕಡಿಮಿ ಆಗಿತ್ತಲ್ಲ?"

"ಆಗಿತ್ರಿ. ಅಬ್ಬಾ ಹೋಗೂ ಮೊದಲೇ ತಿರುಗಿ ಜೋರಾತು."

"ಸಿಂಬಳ ದಪ್ಪ, ಹಳದಿ?"

ಅವನು ಹೌದೆಂದು ತಲೆಯಾಡಿಸಿದ.

"ಇಳಿದ ನೆಗಡಿ ಮತ್ತ ಏರೂದು, ಗಲ್ಲ ಭಾರ ಆಗೂದು, ಬಗ್ಗಿದ್ರ ತಲಿ ಸಿಡಿಯೂದು, ಗಟ್ಟಿ ಇದ್ದ ಮ್ಯಾಲಿನ ಹಲ್ಲು ನೋಯೂದು. ಇದು ಬರೇ ನೆಗಡಿ ಅಲ್ಲಪಾ, ಸೈನಸ್ಸಿಗೆ ಸೋಂಕು ತಗಲೈತಿ. ನಾನೂ ಇದಕ್ಕ ಒಂದು ಒಳ್ಳೇ ಹಲ್ಲು ಕಳಕೊಂಡಾಕಿ. ಆಗ ಮೂಗಿನ ಮುಂದ ಊದಿನಕಡ್ಡಿ ಹಿಡಿದ್ರೂ ನನಗ ತಿಳೀತಿರಲಿಲ್ಲ. ಮಗ್ಗಲದಾಗ ಸೀದ ಹಾಲು ತಿಳೀದವಗ ಅಂಗಳದಾಗ ಗ್ಯಾಸಿನ ವಾಸನಿ ಹೆಂಗ ತಿಳೀತು?"

ಆರಿಫ ತಾಯಿಯ ಕಡೆ ನೋಡಿದ. ತಾರಾಬಾಯಿ ಮುಂದುವರಿಸಿದರು:

"ಸಿಲಿಂಡರ್ ಎತ್ತೂ ಶಕ್ತಿ ಈ ಮನ್ಯಾಗ ಇಬ್ಬರಿಗೇ ಐತಿ, ನಿನಗ ಮತ್ತ ತರನ್ನುಮಗ. ತರನ್ನುಮ ಕೂಡಿಸಿದ್ರ ಸೋರೂದು ಆಕಿಗಿ ಅಲ್ಲೇ ಗೊತ್ತಾಗತಿತ್ತು. ಗೇಟಿನಾಗ ನಿಂತು ಹಾಲು ಸೀದಿದ್ದು ಹಿಡದಾಳ. ಸಾಯಸಬೇಕು ಅಂತನ ಬಿಟ್ಟಾಳ ಅಂದ್ರ, ಅಡಗಿಮನಿ ಮಗ್ಗಲದ ಖೋಲ್ಯಾಗ ಮಗಳನ್ನ ಮಲಗಸತಿದ್ದಳೇನು? ಸೋರೂ ಗ್ಯಾಸು ತಿಳೀದ ಬಾಗಲಾ ಹಾಕ್ಕೊಂಡು ಹೋದವ, ಮೂಗು ಇಲ್ಲದವ. ಹಬಿಗಿ ನೀರು ಕಾಯಿಸೂಮುಂದ ಗ್ಯಾಸು ತೀರಿತು. ಹೌದಲ್ಲ?"

"ಬೆಳಿಗ್ಗೆ ಅಬ್ಬಾಗ ತ್ರಾಸು ಆಗಬಾರದು ಅಂತ ಹೊಸ ಸಿಲಿಂಡರ್ ಹಚ್ಚಿಟ್ಟಿದ್ದೆ," ಎಂದ ಆರಿಫ. "ಖರೇ, ಏನೂ ವಾಸನಿ ಬರಲಿಲ್ಲ. ಅಬ್ಬಾನ್ನ ನಾನೇ ಕೊಂದೆ ಅಂತ ಅಮ್ಮೀಗ ಹೆಂಗ ಹೇಳ್ಲಿ? ಭಾಭಿ ಹೆಸರು ಬಾಯಾಗ ಬಂತು. ಆಮ್ಯಾಲ ತಿರುಗಿ ನುಂಗಾಕ ಆಗಲಿಲ್ಲ."

ಅಮೀನಾಬೀ ಅಳಲಿಲ್ಲ. "ಇದನ್ನ ನೀವು ಹೇಳದ ಹೋಗಿದ್ರ, ಬಾಯಾರ, ನನಗ ಒಬ್ಬ ಮಗನರ ಇರತಿದ್ದ," ಎಂದಳು.

ತಾರಾಬಾಯಿ ಹವಾಲ್ದಾರನ ಕಡೆ ತಿರುಗಿದರು. "ಕಲ್ಲಯ್ಯ, ಹೇಳಿಕಿ ಆಮ್ಯಾಲ ಬರ್ಕೋರಿ. ಊತ ಇವನ ಕಣ್ಣಿಗಿ ಬಂದೈತಿ. ಈಗಿಂದೀಗ ದವಾಖಾನಿಗಿ ಒಯ್ಯದಿದ್ರ ಕಣ್ಣು ಹೋಗತೈತಿ, ಜೀವಾನೂ ಹೋದೀತು."

ಆರಿಫನನ್ನು ಹತ್ತಿಸಿಕೊಂಡು ಕಲ್ಲಯ್ಯನ ಜೀಪು ಬೆಳಗಾವಿಯ ಕಡೆ ಹೊರಟಿತು. ಮಗನ ಹಿಂದೆ ಹೋಗಲು ಅಮೀನಾಬೀ ಏಳಲಿಲ್ಲ.

ಪದ್ಮಶ್ರೀ ಒಳಕೋಣೆಯಿಂದ ರುಕ್ಸಾರಳನ್ನು ಕೈಹಿಡಿದು ಕರೆತಂದಳು. ತರನ್ನುಮ ನೆಲಕ್ಕೆ ಮಂಡಿಯೂರಿ ಎರಡೂ ತೋಳು ಚಾಚಿದಳು. ಮಗು ಅವಳನ್ನು ಕಂಡದ್ದೇ ಚೀರಿತು.

"ನಕ್ಕೋ, ಬ್ಯಾಡ! ಅಜ್ಜಾನ್ನ ಸುಟ್ಟಾಳ ಇಕಿ! ನನ್ನೂ ಸುಡತಾಳ!"

"ಇಲ್ಲ ಬೇಟಾ, ಕಾಕಾ ಸುಳ್ಳು ಹೇಳಿದ್ದ..." ಎಂದು ಪದ್ಮಶ್ರೀ ಸಮಾಧಾನ ಮಾಡಹೋದಳು. ಮಗು ಕೈ ಕೊಸರಿಕೊಂಡು ಓಡಿ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡಿತು. ಅಮೀನಾಬೀ ಅದನ್ನು ಎದೆಗೆ ಒತ್ತಿಕೊಂಡಳು. ತರನ್ನುಮಳ ಕಡೆಗೆ ತಿರುಗಿಸಲಿಲ್ಲ.